ಅತಿಭಾರಾರೋಪಣ: ಗಿರಣಿಯಲ್ಲಿ ಒಂದು ಅತಿಚಾರದ ಚರಿತ್ರೆ

ಗೃಹಸ್ಥನಾದ ಶ್ರಾವಕನು ಸ್ವೀಕರಿಸುವ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು ಎಂದು ವ್ಯಾಖ್ಯಾನಕಾರರು ಸ್ಪಷ್ಟಪಡಿಸಿದ್ದಾರೆ. ವ್ರತವನ್ನು ಮುರಿದೆನೆಂಬ ಅರಿವೇ ಇಲ್ಲದೆ ಗೃಹಸ್ಥನು ತನ್ನ ಮನೆ, ಕಣ, ಅಂಗಡಿಗಳಲ್ಲಿ ನಿತ್ಯವೂ ಎಸಗಬಹುದಾದ ದೋಷಗಳು ಇವು. ಇವುಗಳಲ್ಲಿ ನಾಲ್ಕನೆಯದಾದ ಅತಿಭಾರಾರೋಪಣವೆಂದರೆ ನ್ಯಾಯವಾದ ಪ್ರಮಾಣಕ್ಕಿಂತ ಹೆಚ್ಚಿನ ಭಾರವನ್ನು ಹೊರಿಸುವುದು ಎಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ವಿವರಿಸಿದ್ದಾರೆ. ಸಮಂತಭದ್ರಾಚಾರ್ಯರಾದರೋ ರತ್ನಕರಂಡ ಶ್ರಾವಕಾಚಾರದಲ್ಲಿ ಈ ದೋಷವನ್ನು ಎರಡು ಕಡೆ ಗಣಿಸಿದ್ದಾರೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವಿದೆ. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಅತಿವಾಹನ ಮತ್ತು ಅತಿಭಾರವಹನಗಳಿವೆ. ಒಂದೇ ಕೃತ್ಯವು ಹೊರುವವನ ಕಡೆಯಿಂದ ನೋಡಿದರೆ ಹಿಂಸೆ, ಹೊರಿಸುವವನ ಕಡೆಯಿಂದ ನೋಡಿದರೆ ಲೋಭ.

ನ್ಯಾಯವಾದ ಪ್ರಮಾಣವನ್ನು ನಿರ್ಧರಿಸುವುದು ಹೇಗೆ? ಶ್ವೇತಾಂಬರ ಪರಂಪರೆಯ ಶ್ರಾವಕಾಚಾರ ವ್ಯಾಖ್ಯಾನಗಳಲ್ಲಿ ಇದಕ್ಕೆ ಒಂದು ಸರಳವಾದ ಅಳತೆಯನ್ನು ಕೊಡಲಾಗಿದೆ. ಭಾರ ಹೊರಿಸಿ ಜೀವಿಸುವ ವೃತ್ತಿಯನ್ನೇ ಶ್ರಾವಕನು ಬಿಡುವುದು ಉತ್ತಮ. ಬೇರೆ ಜೀವನೋಪಾಯವಿಲ್ಲದಿದ್ದರೆ, ಮನುಷ್ಯನಿಗೆ ಆತನು ತಾನಾಗಿಯೇ ಎತ್ತಿಕೊಂಡು ತಾನಾಗಿಯೇ ಇಳಿಸಬಲ್ಲಷ್ಟನ್ನು ಮಾತ್ರ ಹೊರಿಸಬೇಕು. ಪಶುವಿಗೆ ಅದು ಸಾಮಾನ್ಯವಾಗಿ ಹೊರುವುದಕ್ಕಿಂತ ಸ್ವಲ್ಪ ಕಡಿಮೆ ಹೊರಿಸಿ, ಸಕಾಲದಲ್ಲಿ ನೊಗದಿಂದ ಬಿಡಿಸಬೇಕು. ಪಶುವಿಗೆ ಬಾಯಿಲ್ಲವಾದ್ದರಿಂದ ಅದರ ಭಾರವನ್ನು ಒಡೆಯನೇ ಅಂದಾಜು ಮಾಡಿ ಒಂದಿಷ್ಟು ಇಳಿಸಿಕೊಡುತ್ತಾನೆ. ಮನುಷ್ಯನ ವಿಷಯದಲ್ಲಿ ಅಳತೆಗೋಲು ಒಡೆಯನ ಕೈಯಲ್ಲಿಲ್ಲ, ಹೊರುವವನ ತೋಳಿನಲ್ಲಿದೆ. ಹೇರೆತ್ತುಗಳ ಮೇಲೆ ಸರಕು ಸಾಗಿಸಿ, ಸಂತೆಯಿಂದ ಸಂತೆಗೆ ನಡೆದ ವರ್ತಕರ ಕಾಲದಲ್ಲಿ ಈ ಮಾತು ಅರ್ಥವಾಗದೆ ಇರುವ ಸಂಭವವಿರಲಿಲ್ಲ. ಹೇರೆತ್ತು ಹೋಗಿ ಹಬೆಯ ಯಂತ್ರ ಬಂದಾಗ, ನೂರಾರು ಜನ ಒಂದೇ ಸೂರಿನಡಿ ದಿನಗೂಲಿಗೆ ನಿಂತಾಗ, ಭಾರವೆಂಬುದು ಹೆಗಲ ಮೇಲೆ ಕಾಣುವ ಮೂಟೆಯಾಗಿ ಉಳಿಯಲಿಲ್ಲ. ಅದು ಗಂಟೆಗಳಾಯಿತು, ಮಗ್ಗಗಳ ಸಂಖ್ಯೆಯಾಯಿತು, ಯಂತ್ರದ ವೇಗವಾಯಿತು. ಆಗ ಅದನ್ನು ಅಳೆಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಕಾರ್ಯಪ್ರೇರಣೆಯ ಸಿದ್ಧಾಂತಗಳೆಂಬ ಹೆಸರಿನಲ್ಲಿ ಬೆಳೆದ ವಿಪುಲ ಸಾಹಿತ್ಯವನ್ನು ಈ ಪ್ರಶ್ನೆಗೆ ದೊರೆತ ಉತ್ತರಗಳ ಚರಿತ್ರೆಯೆಂದೇ ಓದಬಹುದು. ಆ ಚರಿತ್ರೆಯ ಎರಡು ಮುಖ್ಯ ಘಟ್ಟಗಳು ಅಹಮದಾಬಾದಿನ ಒಂದು ಜೈನ ಮನೆತನದ ಸುತ್ತ ನಡೆದವು ಎಂಬುದು ಈ ಪತ್ರಿಕೆಯ ಓದುಗರಿಗೆ ವಿಶೇಷ ಸಂಗತಿಯಾದೀತು.

ಮೊದಲ ಉತ್ತರ ಅಮೆರಿಕದಿಂದ ಬಂದಿತು. ಫ್ರೆಡೆರಿಕ್ ವಿನ್‌ಸ್ಲೊ ಟೇಲರ್ (1856–1915) ಫಿಲಡೆಲ್ಫಿಯಾದ ಕ್ವೇಕರ್ ಮನೆತನದಲ್ಲಿ, ಎಂದರೆ ಯುದ್ಧವನ್ನೂ ಹಿಂಸೆಯನ್ನೂ ನಿಷೇಧಿಸಿದ ಕ್ರೈಸ್ತ ಪಂಥದವರ ಮನೆಯಲ್ಲಿ ಜನಿಸಿದರು. 1899ರಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಅಚ್ಚುಗಳನ್ನು ರೈಲು ಬಂಡಿಗೆ ತುಂಬುವ ಕೆಲಸವನ್ನು ಅವರು ಅಧ್ಯಯನ ಮಾಡಿದರು. ಒಂದೊಂದು ಅಚ್ಚಿನ ತೂಕ 92 ಪೌಂಡು, ಸುಮಾರು 42 ಕಿಲೋ. ಒಬ್ಬ ಆಳು ದಿನಕ್ಕೆ ಹನ್ನೆರಡೂವರೆ ಟನ್ ತುಂಬುತ್ತಿದ್ದನು. ಟೇಲರ್ ಅವರು 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಷ್ಮಿಟ್ ಎಂಬ ಹೆಸರಿನಿಂದ ಕರೆದ ಆಳು, ಅವರ ಹೇಳಿಕೆಯಂತೆ, 47½ ಟನ್ ತುಂಬತೊಡಗಿದನು. ದಿನಕ್ಕೆ ಸುಮಾರು 1,156 ಸಲ ಬಗ್ಗಿ ಎದ್ದಂತಾಯಿತು. ಕೂಲಿ 1.15 ಡಾಲರಿನಿಂದ 1.85ಕ್ಕೆ ಏರಿತು. ಕೆಲಸ ಸುಮಾರು ನಾಲ್ಕರಷ್ಟು, ಕೂಲಿ ನೂರಕ್ಕೆ ಅರವತ್ತರಷ್ಟು ಅಧಿಕ. ಈ ಕಥೆಯ ವಿವರಗಳು ಟೇಲರ್ ಹೇಳಿದಷ್ಟು ಅಚ್ಚುಕಟ್ಟಾಗಿರಲಿಲ್ಲವೆಂದು ಮುಂದಿನ ಇತಿಹಾಸಕಾರರು ತೋರಿಸಿದ್ದಾರೆ. ಆದರೂ ಕಾರ್ಖಾನೆಗಳ ಲೋಕವನ್ನು ಬದಲಿಸಿದ್ದು ಆ ಕಥೆಯೇ.

ಟೇಲರ್ ಅವರನ್ನು ನಿರ್ದಯಿ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅಷ್ಟು ತೂಕದ ಅಚ್ಚನ್ನು ಹೊರುವವನು ದಿನದ ನೂರಕ್ಕೆ 43 ಭಾಗ ಮಾತ್ರ ಭಾರದ ಅಡಿಯಲ್ಲಿರಬಹುದು, ಉಳಿದ 57 ಭಾಗ ಬರಿಗೈಯಲ್ಲಿರಬೇಕು ಎಂಬುದು ಅವರು ಕಂಡುಕೊಂಡ ನಿಯಮ. ಮನುಷ್ಯನು ತಾಳಬಲ್ಲ ಭಾರವನ್ನು ಗಣಿತದಿಂದ ಹುಡುಕಹೊರಟವರು ಅವರು. ಮೊದಲಿದ್ದ ಮೇಸ್ತ್ರಿಗಳು ಬೈಗುಳದಿಂದ ಹುಡುಕುತ್ತಿದ್ದರು. ದೋಷವಿದ್ದುದು ಬೇರೊಂದು ಸ್ಥಳದಲ್ಲಿ. ಯಾವಾಗ ಎತ್ತಬೇಕು, ಯಾವಾಗ ಕೂರಬೇಕು ಎಂಬುದನ್ನು ಗಡಿಯಾರ ಹಿಡಿದವನು ಹೇಳುತ್ತಿದ್ದನು. ಹೊರುವವನು ತನ್ನ ಆಯಾಸದ ವಿಚಾರದಲ್ಲಿಯೂ ತೀರ್ಮಾನ ಮಾಡುವಂತಿರಲಿಲ್ಲ. ಇಂತಹ ಕೆಲಸಕ್ಕೆ ತಕ್ಕವನು ಮನೋಧರ್ಮದಲ್ಲಿ ಎತ್ತನ್ನು ಹೋಲುವಂತಿರಬೇಕು ಎಂಬ ಅಭಿಪ್ರಾಯವನ್ನೂ ಟೇಲರ್ ಬರೆದಿದ್ದಾರೆ. ಮನುಷ್ಯನಿಗೆ ಒಂದು ಅಳತೆ, ಎತ್ತಿಗೆ ಇನ್ನೊಂದು ಅಳತೆ ಎಂದು ಶ್ರಾವಕಾಚಾರಗಳು ಎಳೆದ ಗೆರೆ ಇಲ್ಲಿ ಅಳಿಸಿಹೋಯಿತು. 1911ರ ಆಗಸ್ಟಿನಲ್ಲಿ ವಾಟರ್‌ಟೌನಿನ ಸರ್ಕಾರಿ ಶಸ್ತ್ರಾಗಾರದ ಎರಕದ ಕೆಲಸಗಾರರು ಗಡಿಯಾರದ ಅಳತೆಯನ್ನು ವಿರೋಧಿಸಿ ಕೆಲಸ ನಿಲ್ಲಿಸಿದರು. ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು. ಅವರ ಆಕ್ಷೇಪ ಕೂಲಿಯದಾಗಿರಲಿಲ್ಲ, ಗಡಿಯಾರದ್ದಾಗಿತ್ತು.

ಅದೇ ವರ್ಷಗಳಲ್ಲಿ ಸಾಬರಮತಿಯ ದಡದಲ್ಲಿ ಬಟ್ಟೆ ಗಿರಣಿಗಳ ಚಿಮಣಿಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಅಹಮದಾಬಾದಿನ ಮೊದಲ ಗಿರಣಿ ನಡೆಯತೊಡಗಿದ್ದು 1861ರಲ್ಲಿ. ಶತಮಾನ ಬದಲಾಗುವ ವೇಳೆಗೆ ನಗರದ ಜೈನ ಮತ್ತು ವೈಷ್ಣವ ಶ್ರೇಷ್ಠಿಗಳು ಲೇವಾದೇವಿಯ ಹಣವನ್ನು ಗಿರಣಿಗಳಲ್ಲಿ ಹೂಡಿದ್ದರು. ಕುಂಟು ದನ, ಮುದಿ ಕುದುರೆ, ರೆಕ್ಕೆ ಮುರಿದ ಹಕ್ಕಿಗಳನ್ನು ಸಾಕುವ ಪಾಂಜರಾಪೋಳವೂ ಅದೇ ಶ್ರೇಷ್ಠಿಗಳ ದಾನದಿಂದ ನಡೆಯುತ್ತಿತ್ತು. ಅತಿಭಾರಾರೋಪಣವೆಂಬ ಅತಿಚಾರದ ಪಶುವಿಗೆ ಸಂಬಂಧಿಸಿದ ಅರ್ಧವನ್ನು ಆ ಸಮಾಜ ಶ್ರದ್ಧೆಯಿಂದ ಓದಿತ್ತು ಎನ್ನಬೇಕು. ಉಳಿದರ್ಧದ ಕಥೆ ಬೇರೆ. ಜವಳಿ ಗಿರಣಿಗಳಲ್ಲಿ ವಯಸ್ಕನ ದುಡಿಮೆಗೆ ದಿನಕ್ಕೆ 12 ಗಂಟೆಗಳ ಮಿತಿಯನ್ನು 1911ರ ಕಾರ್ಖಾನೆ ಕಾನೂನು ಹಾಕಿತ್ತು. ಮಿತಿ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿತ್ತು ಎಂಬುದನ್ನು ತಿಳಿಯಲು ಗಿರಣಿ ಒಡೆಯರ ಮನೆಯವರೇ ಆದ ಒಬ್ಬ ಹೆಣ್ಣುಮಗಳ ಅನುಭವವನ್ನು ನೋಡಬೇಕು.

ಅನಸೂಯಾಬೆನ್ ಸಾರಾಭಾಯಿ 1885ರಲ್ಲಿ ಜನಿಸಿದರು. ಬಾಲ್ಯದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ತಮ್ಮ ಅಂಬಾಲಾಲರೊಂದಿಗೆ ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದರು. ಹದಿಮೂರನೆಯ ವಯಸ್ಸಿನಲ್ಲಿ ಮಾಡಿದ ಮದುವೆ ಉಳಿಯಲಿಲ್ಲ. ತಮ್ಮನ ನೆರವಿನಿಂದ 1912ರಲ್ಲಿ ವೈದ್ಯವಿದ್ಯೆ ಕಲಿಯಲೆಂದು ಇಂಗ್ಲೆಂಡಿಗೆ ಹೋದರು. ಅಲ್ಲಿ ಪ್ರಾಣಿಗಳನ್ನು ಕೊಯ್ದು ನೋಡುವುದು ಅನಿವಾರ್ಯವೆಂದು ತಿಳಿದಾಗ, ತಾವು ಹುಟ್ಟಿಬೆಳೆದ ಧರ್ಮಕ್ಕೆ ಅದು ಒಗ್ಗದೆಂದು ವೈದ್ಯವಿದ್ಯೆಯನ್ನು ಬಿಟ್ಟು, ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಲಯವನ್ನು ಸೇರಿದರು. ಕಪ್ಪೆಯನ್ನು ಕೊಯ್ಯಲಾರದೆ ಹಿಂದೆಗೆದ ಆ ಹೆಜ್ಜೆಯೇ ಅವರನ್ನು ಕಾರ್ಮಿಕರ ಪ್ರಶ್ನೆಯತ್ತ ಒಯ್ದಿತು. 1913ರಲ್ಲಿ ಮರಳಿ ಬಂದು ಗಿರಣಿ ಕೆಲಸಗಾರರ ಮಕ್ಕಳಿಗಾಗಿ ಶಾಲೆ ತೆರೆದರು. ಒಂದು ಬೆಳಗ್ಗೆ ಅಂಗಳದಲ್ಲಿ ಕುಳಿತು ಮಕ್ಕಳ ತಲೆ ಬಾಚುತ್ತಿದ್ದಾಗ ಕೆಲವರು ಗಿರಣಿಯಿಂದ ನಿದ್ದೆಗಣ್ಣಿನಲ್ಲಿ ನಡೆಯುವವರಂತೆ ಹೋಗುತ್ತಿದ್ದುದನ್ನು ಕಂಡು ವಿಚಾರಿಸಿದರು. ಅವರು 36 ಗಂಟೆಗಳ ಕಾಲ, ಎರಡು ರಾತ್ರಿ ಒಂದು ಹಗಲು, ಬಿಡುವಿಲ್ಲದೆ ದುಡಿದು ಮನೆಗೆ ಮರಳುತ್ತಿದ್ದರು. ಅವರು ಮುಂದೆ ಹೇಳಿಕೊಂಡ ಈ ಪ್ರಸಂಗದಲ್ಲಿ ಯಾರೂ ಯಾರನ್ನೂ ಹೊಡೆದಿರಲಿಲ್ಲ, ಕಟ್ಟಿಹಾಕಿರಲಿಲ್ಲ. ಐದು ಅತಿಚಾರಗಳಲ್ಲಿ ನಾಲ್ಕನೆಯದೊಂದು ಮಾತ್ರ ಆ ಬೀದಿಯಲ್ಲಿ ನಡೆದುಹೋಗುತ್ತಿತ್ತು.

1917ರಲ್ಲಿ ನಗರಕ್ಕೆ ಪ್ಲೇಗು ಬಂದಿತು. ಕೆಲಸಗಾರರು ಊರು ಬಿಟ್ಟು ಹೋಗದಂತೆ ತಡೆಯಲು ಒಡೆಯರು ನೇಕಾರರಿಗೆ ಕೂಲಿಯ ನೂರಕ್ಕೆ ಎಪ್ಪತ್ತು ಎಂಬತ್ತರವರೆಗೂ ಹೆಚ್ಚುವರಿ ಕೊಟ್ಟರು. ಪ್ಲೇಗು ಹೋದ ಮೇಲೆ ಅದನ್ನು ನಿಲ್ಲಿಸಹೊರಟಾಗ ಯುದ್ಧಕಾಲದ ಬೆಲೆಯೇರಿಕೆ ಮಾತ್ರ ಹೋಗಿರಲಿಲ್ಲ. ಕೆಲಸಗಾರರ ಪರವಾಗಿ ಅನಸೂಯಾಬೆನ್ ನಿಂತರು. ಗಿರಣಿ ಒಡೆಯರ ನೇತೃತ್ವ ವಹಿಸಿದ್ದವರು ಅಂಬಾಲಾಲ್ ಸಾರಾಭಾಯಿ. ಕೊಚ್‌ರಬಿನ ಆಶ್ರಮಕ್ಕೆ ಅಸ್ಪೃಶ್ಯ ಕುಟುಂಬವೊಂದನ್ನು ಸೇರಿಸಿಕೊಂಡಾಗ ದಾನಿಗಳೆಲ್ಲ ಕೈಬಿಟ್ಟ ಸಂದರ್ಭದಲ್ಲಿ, ಹೆಸರು ಹೇಳದೆ 13,000 ರೂಪಾಯಿಗಳನ್ನು ಗಾಂಧೀಜಿಯವರ ಕೈಗಿತ್ತು ಹೋದವರೆಂದು ಗುರುತಿಸಲಾಗಿರುವುದೂ ಈ ಅಂಬಾಲಾಲರನ್ನೇ. ಕೆಟ್ಟ ಒಡೆಯನ ವಿರುದ್ಧ ಒಳ್ಳೆಯ ಅಕ್ಕ ಹೋರಾಡಿದ ಕಥೆಯಾಗಿ ಇದನ್ನು ಹೇಳಲು ಬರುವುದಿಲ್ಲ.

ಗಾಂಧೀಜಿ ವಿಚಾರ ಮಾಡಿ ನೂರಕ್ಕೆ 35ರ ಏರಿಕೆ ನ್ಯಾಯವೆಂದು ಗೊತ್ತುಮಾಡಿದರು. ಒಡೆಯರು 20ಕ್ಕಿಂತ ಹೆಚ್ಚು ಕೊಡಲು ಒಪ್ಪಲಿಲ್ಲ. 1918ರ ಫೆಬ್ರವರಿ 22ರಂದು ಗಿರಣಿಗಳ ಬಾಗಿಲು ಮುಚ್ಚಿತು. ನದೀತೀರದ ಜಾಲಿಯ ಮರದಡಿ ದಿನವೂ ಸಭೆ ಸೇರುತ್ತಿತ್ತು. ಕೆಲಸಗಾರರ ಹಸಿವು ಹೆಚ್ಚಿ ಪ್ರತಿಜ್ಞೆ ಸಡಿಲವಾಗುವಂತೆ ಕಂಡಾಗ, ಮಾರ್ಚ್ 15ರಂದು ಗಾಂಧೀಜಿ ಉಪವಾಸ ಆರಂಭಿಸಿದರು. 18ರಂದು ರಾಜಿಯಾಯಿತು. ಮೊದಲ ದಿನ ಕೆಲಸಗಾರರ ಪ್ರತಿಜ್ಞೆಗಾಗಿ 35, ಎರಡನೆಯ ದಿನ ಒಡೆಯರ ಪ್ರತಿಜ್ಞೆಗಾಗಿ 20, ಮೂರನೆಯ ದಿನದಿಂದ ಪಂಚರ ತೀರ್ಪಿನವರೆಗೆ ಇವುಗಳ ನಡುವಿನ 27½. ಪಂಚರಾಗಿ ನೇಮಕಗೊಂಡ ವಿದ್ವಾಂಸ ಆನಂದಶಂಕರ ಧ್ರುವರು ಕೊನೆಗೆ 35 ಎಂದೇ ತೀರ್ಪಿತ್ತರು. ತಮ್ಮ ಉಪವಾಸದಿಂದ ಒಡೆಯರ ಮೇಲೆ ಒತ್ತಡ ಬಿದ್ದುದು ದೋಷವೆಂದು ಗಾಂಧೀಜಿ ತಾವೇ ಒಪ್ಪಿಕೊಂಡಿದ್ದಾರೆ. ಹಿಂಸೆಯ ಸೂಕ್ಷ್ಮ ಲೆಕ್ಕ ಹಾಕುವವರಿಗೆ ಆ ಒಪ್ಪಿಗೆಯೂ ಗಮನಾರ್ಹ.

ಈ ವಿವಾದದಲ್ಲಿ ಹಣಕ್ಕಿಂತ ಹೆಚ್ಚು ಹಟ ಹುಟ್ಟಿಸಿದ ವಿಷಯ ಇನ್ನೊಂದಿತ್ತು. ಒಡೆಯರಿಗೂ ಕೆಲಸಗಾರರಿಗೂ ಇರುವುದು ತಂದೆಮಕ್ಕಳ ಸಂಬಂಧ, ಅದರ ನಡುವೆ ಮೂರನೆಯವರಿಗೆ ಏನು ಕೆಲಸ ಎಂಬುದು ಗಿರಣಿ ಒಡೆಯರ ವಾದವಾಗಿತ್ತು. ಅಂಗಡಿ ನಡೆಸಿದ ಎಲ್ಲ ಮನೆತನಗಳಲ್ಲಿಯೂ ಈ ಮಾತು ಕೇಳಿಬಂದಿರುತ್ತದೆ. ಗುಮಾಸ್ತನನ್ನು ಮನೆಯ ಮಗನಂತೆ ನೋಡಿಕೊಂಡೆವು ಎನ್ನುವಲ್ಲಿ ಸುಳ್ಳಿರುವುದಿಲ್ಲ; ಅವನ ಮಗಳ ಮದುವೆಗೆ ಕೊಟ್ಟದ್ದು, ಕಾಯಿಲೆಗೆ ಕೊಟ್ಟದ್ದು ಲೆಕ್ಕದ ಪುಸ್ತಕದಲ್ಲಿರುತ್ತದೆ. ಆದರೆ ತಂದೆ ಎನ್ನಿಸಿಕೊಂಡವನು ಕೊಟ್ಟದ್ದು ಕೃಪೆಯಾಗುತ್ತದೆ. ಕೇಳಿದ ಮಗ ಕೃತಘ್ನನಾಗುತ್ತಾನೆ. ಭಾರ ಹೆಚ್ಚಾಯಿತೆಂದು ಹೇಳುವ ಬಾಯಿ ಅಲ್ಲಿ ತಾನಾಗಿಯೇ ಮುಚ್ಚಿಹೋಗುತ್ತದೆ. 1918ರಲ್ಲಿ ಅಹಮದಾಬಾದಿನ ನೇಕಾರರು ಗಳಿಸಿದ್ದರಲ್ಲಿ 35ರ ಅಂಕಿಗಿಂತ ಪಂಚಾಯಿತಿಯ ತತ್ತ್ವವೇ ದೊಡ್ಡದು. 1920ರ ಫೆಬ್ರವರಿಯಲ್ಲಿ ಅನಸೂಯಾಬೆನ್ ಅವರ ನಾಯಕತ್ವದಲ್ಲಿ ಸ್ಥಾಪನೆಯಾದ ಮಜೂರ್ ಮಹಾಜನ ಸಂಘ ಆ ತತ್ತ್ವವನ್ನು ಸ್ಥಿರಪಡಿಸಿತು. ಮಹಾಜನವೆಂಬುದು ಗುಜರಾತಿನಲ್ಲಿ ಅಲ್ಲಿಯವರೆಗೆ ವರ್ತಕರ ಸಂಘಕ್ಕೆ ಸಲ್ಲುತ್ತಿದ್ದ ಹೆಸರು. ಕೂಲಿಗಳ ಸಂಘಕ್ಕೆ ಅದನ್ನು ಇಟ್ಟಾಗ ಮಾಣೆಕ್ ಚೌಕದ ಪೇಟೆಯಲ್ಲಿ ಎಷ್ಟು ಹುಬ್ಬುಗಳು ಮೇಲೇರಿದವೋ.

ಇತ್ತ ಅಮೆರಿಕದಲ್ಲಿ ಟೇಲರ್ ಅವರ ಗಡಿಯಾರಕ್ಕೆ ಎಟುಕದ ಸಂಗತಿಗಳು ಒಂದೊಂದಾಗಿ ಕಾಣತೊಡಗಿದವು. ಶಿಕಾಗೊ ಸಮೀಪದ ಹಾಥಾರ್ನ್ ಎಂಬಲ್ಲಿನ ಟೆಲಿಫೋನ್ ಉಪಕರಣಗಳ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಪ್ರಯೋಗಗಳು ನಡೆದವು. ದೀಪದ ಬೆಳಕು ಹೆಚ್ಚಿಸಿದಾಗ ಉತ್ಪಾದನೆ ಏರಿತು, ತಗ್ಗಿಸಿದಾಗಲೂ ಏರಿತು. ಬಿಡಿಭಾಗಗಳನ್ನು ಜೋಡಿಸುವ ಐದು ಮಂದಿ ಯುವತಿಯರನ್ನು ಪ್ರತ್ಯೇಕ ಕೊಠಡಿಯಲ್ಲಿ ಕೂರಿಸಿ, ವಿರಾಮ ಕೊಟ್ಟು, ಅವರ ಅಭಿಪ್ರಾಯ ಕೇಳಿ ನೋಡಲಾಯಿತು, ಉತ್ಪಾದನೆ ಹೆಚ್ಚಿತು. ಹಾರ್ವರ್ಡಿನ ಎಲ್ಟನ್ ಮೇಯೊ ಮತ್ತು ಸಂಗಡಿಗರು ಇದರಿಂದ, ಮನುಷ್ಯನನ್ನು ದುಡಿಸುವುದು ಕೂಲಿ ಮಾತ್ರವಲ್ಲ, ತನ್ನನ್ನು ಗಮನಿಸುತ್ತಿದ್ದಾರೆಂಬ ಭಾವನೆಯೂ ಸಹೋದ್ಯೋಗಿಗಳ ಸ್ನೇಹವೂ ಅಹುದು ಎಂದು ಪ್ರತಿಪಾದಿಸಿದರು. ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಆ ಐವರಲ್ಲಿ ಇಬ್ಬರನ್ನು ಮಾತು ಹೆಚ್ಚಾಯಿತೆಂದು 1928ರ ಆರಂಭದಲ್ಲಿ ತೆಗೆದು ಬೇರೆಯವರನ್ನು ಕೂರಿಸಲಾಯಿತು ಎಂಬುದನ್ನು ಅವು ಸಾಮಾನ್ಯವಾಗಿ ಹೇಳುವುದಿಲ್ಲ. ಇನ್ನೊಂದು ಕೊಠಡಿಯಲ್ಲಿ ತಂತಿ ಜೋಡಿಸುವ 14 ಮಂದಿ ಗಂಡಸರಿದ್ದರು. ಹೆಚ್ಚು ಮಾಡಿದರೆ ಹೆಚ್ಚು ಕೂಲಿ ಎಂಬ ಏರ್ಪಾಡಿದ್ದರೂ, ದಿನಕ್ಕೆ ಇಷ್ಟೇ ಎಂದು ಅವರು ತಮ್ಮೊಳಗೆ ಗೊತ್ತುಮಾಡಿಕೊಂಡು ಅದನ್ನು ಮೀರಿದವನನ್ನು ಹಾಸ್ಯ ಮಾಡಿ, ಭುಜಕ್ಕೆ ಗುದ್ದಿ ಸಾಲಿಗೆ ತರುತ್ತಿದ್ದರು. ಇಂದು ಹೆಚ್ಚು ಮಾಡಿ ತೋರಿಸಿದರೆ ನಾಳೆ ಅದೇ ಕನಿಷ್ಠ ಪ್ರಮಾಣವಾಗುತ್ತದೆ ಎಂಬ ಭಯ ಅವರದು. ನ್ಯಾಯವಾದ ಭಾರವನ್ನು ಬಹಿರಂಗವಾಗಿ ಹೇಳುವ ಅವಕಾಶವಿಲ್ಲದಿದ್ದಾಗ ಹೊರುವವರು ಅದನ್ನು ಗುಟ್ಟಾಗಿ ನಿಗದಿ ಮಾಡಿಕೊಳ್ಳುತ್ತಾರೆ. ಮಾಲೀಕರು ಇದನ್ನು ಸೋಮಾರಿತನವೆಂದು ಕರೆಯುತ್ತ ಬಂದಿದ್ದಾರೆ.

ಮುಂದಿನ ಸಿದ್ಧಾಂತಗಳನ್ನು ವಾಣಿಜ್ಯ ವಿದ್ಯಾರ್ಥಿಗಳು ಕಂಠಪಾಠ ಮಾಡಿರುತ್ತಾರೆ. ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1943ರಲ್ಲಿ ಅಬ್ರಹಾಂ ಮ್ಯಾಸ್ಲೊ ಮಾನವನ ಅಗತ್ಯಗಳನ್ನು ಹಸಿವಿನಿಂದ ಆತ್ಮಸಾಕ್ಷಾತ್ಕಾರದವರೆಗೆ ಶ್ರೇಣಿಯಾಗಿ ಜೋಡಿಸಿದರು. ಎಲ್ಲ ಪುಸ್ತಕಗಳಲ್ಲಿ ಕಾಣುವ ಪಿರಮಿಡ್ಡಿನ ಚಿತ್ರವನ್ನು ಬರೆದವರು ಮಾತ್ರ ಅವರಲ್ಲ. 1959ರಲ್ಲಿ ಫ್ರೆಡೆರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಸುಮಾರು 200 ಮಂದಿ ಇಂಜಿನಿಯರು ಮತ್ತು ಲೆಕ್ಕಿಗರನ್ನು ಸಂದರ್ಶಿಸಿ, ಸಂಬಳ ಸೌಕರ್ಯಗಳ ಕೊರತೆ ಅತೃಪ್ತಿಯನ್ನು ಹುಟ್ಟಿಸಬಹುದು, ಆದರೆ ತೃಪ್ತಿ ಹುಟ್ಟುವುದು ಕೆಲಸದೊಳಗಿನಿಂದಲೇ ಎಂದರು. 1960ರಲ್ಲಿ ಡಗ್ಲಸ್ ಮೆಕ್‌ಗ್ರೆಗರ್ ಆಡಳಿತಗಾರರ ಮನಸ್ಸಿನಲ್ಲಿ ಎರಡು ಪೂರ್ವಗ್ರಹಗಳನ್ನು ಗುರುತಿಸಿದರು: ಮನುಷ್ಯನು ಸ್ವಭಾವತಃ ಕೆಲಸಗಳ್ಳ ಎಂಬುದು ಒಂದು, ಅವಕಾಶವಿತ್ತರೆ ಹೊಣೆ ಹೊರಲು ತಾನೇ ಮುಂದಾಗುತ್ತಾನೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಎಕ್ಸ್, ಎರಡನೆಯದಕ್ಕೆ ವೈ ಎಂದು ಹೆಸರಿಟ್ಟರು. ಮೆಕ್‌ಗ್ರೆಗರ್ ಅವರ ಪುಸ್ತಕ ಹೊರಬರುವ ಏಳು ವರ್ಷಗಳ ಮೊದಲೇ ಈ ಎರಡನೆಯ ನಂಬಿಕೆ ಅಹಮದಾಬಾದಿನ ಒಂದು ಮಗ್ಗಶಾಲೆಯಲ್ಲಿ ಪರೀಕ್ಷೆಗೆ ಒಳಗಾಗಿತ್ತು.

ಅಂಬಾಲಾಲರ ಮಕ್ಕಳ ಕಾಲ ಬಂದಿತ್ತು. ವಿಕ್ರಮ ಸಾರಾಭಾಯಿ ಅವರ ಶ್ರಮದಿಂದ 1947ರಲ್ಲಿ ಆರಂಭವಾದ ಜವಳಿ ಸಂಶೋಧನ ಸಂಸ್ಥೆ ‘ಅಟಿರಾ’ದಲ್ಲಿ ನೂಲಿನ ಗಟ್ಟಿತನವನ್ನು ಪರೀಕ್ಷಿಸುವುದರ ಜೊತೆಗೆ, ಕಮಲಾ ಚೌಧರಿ ಅವರ ನೇತೃತ್ವದಲ್ಲಿ ಗಿರಣಿ ಕೆಲಸಗಾರರ ಮನಶ್ಶಾಸ್ತ್ರವೂ ಅಧ್ಯಯನದ ವಿಷಯವಾಗಿತ್ತು. ಮನೆತನದ ಕ್ಯಾಲಿಕೊ ಗಿರಣಿಯ ಆಡಳಿತವನ್ನು ಗೌತಮ ಸಾರಾಭಾಯಿ ನೋಡಿಕೊಳ್ಳುತ್ತಿದ್ದರು. ಗಿರಣಿಯ ಒಂದು ಶೆಡ್ಡಿನಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳನ್ನು ಹಾಕಲಾಯಿತು. ಯಂತ್ರಗಳು ಉತ್ತಮವಾದವು, ಎಷ್ಟು ಆಳು ಬೇಕೆಂದು ಟೇಲರ್ ಪದ್ಧತಿಯಲ್ಲೇ ಲೆಕ್ಕ ಹಾಕಲಾಗಿತ್ತು. ಆದರೂ ಬಟ್ಟೆಯಲ್ಲಿ ದೋಷ ಹೆಚ್ಚು, ಉತ್ಪಾದನೆ ನಿರೀಕ್ಷೆಯಷ್ಟಿಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರನ್ನು ಸಲಹೆಗಾಗಿ ಕರೆಸಲಾಯಿತು.

ರೈಸ್ ಕಂಡದ್ದು ಇಷ್ಟು. ಶೆಡ್ಡಿನಲ್ಲಿ 224 ಮಗ್ಗಗಳು, 29 ಮಂದಿ ಕೆಲಸಗಾರರು, ಹನ್ನೆರಡು ಬಗೆಯ ಕೆಲಸಗಳು. ನೇಕಾರನೊಬ್ಬ 24 ಅಥವಾ 32 ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದ. ಕಂಡಿಕೆ ತುಂಬುವವನಿಗೆ 40–50 ಮಗ್ಗಗಳು. ಹಾಸಿನ ಎಳೆಗಳು ಒಮ್ಮೆಗೇ ಕಡಿದಾಗ ಸರಿಪಡಿಸುವವನಿಗೆ ಅದಕ್ಕೂ ಹೆಚ್ಚು. ಎಣ್ಣೆ ಹಾಕುವವನು, ಗುಡಿಸುವವನು, ಜಾಬರನು ಇವರಿಗೆಲ್ಲ ಬೇರೆಬೇರೆ ಪಾಲು. ಪ್ರತಿಯೊಬ್ಬರ ಮಗ್ಗಗಳ ಗಡಿ ಬೇರೆಯಾದ್ದರಿಂದ, ಒಬ್ಬ ನೇಕಾರನ ಮಗ್ಗ ನಿಂತರೆ ಅದನ್ನು ಸರಿಪಡಿಸಬೇಕಾದವನು ಆ ಹೊತ್ತಿನಲ್ಲಿ ಇನ್ನೊಬ್ಬ ನೇಕಾರನ ಮಗ್ಗದ ಬಳಿ ಇರುತ್ತಿದ್ದನು. ಎಲ್ಲರೂ ಪರಸ್ಪರ ಅವಲಂಬಿತರು, ಆದರೆ ಯಾರೂ ಯಾರ ಜೊತೆಗಾರರಲ್ಲ. ಲೆಕ್ಕಪತ್ರದಲ್ಲಿ ಒಬ್ಬೊಬ್ಬರ ಭಾರವೂ ಸಮವಾಗಿತ್ತು. ಕೂಡಿಸಿದಾಗ ಮಾತ್ರ ಅದು ಎತ್ತಲು ಬಾರದ ಹೊರೆಯಾಗಿತ್ತು.

ಕೆಲವು ಮಗ್ಗಗಳನ್ನು ಒಂದು ಸಣ್ಣ ಗುಂಪಿಗೆ ಪೂರ್ತಿಯಾಗಿ ಒಪ್ಪಿಸಿದರೆ ಹೇಗೆ ಎಂದು ರೈಸ್ ಮೇಲ್ವಿಚಾರಕರೊಂದಿಗೆ ಚರ್ಚಿಸಿದರು. ಸುದ್ದಿ ಕೆಲಸಗಾರರಿಗೆ ತಲುಪಿತು. ಆಡಳಿತವು ವಿವರವಾದ ಯೋಜನೆ ಸಿದ್ಧಪಡಿಸುವ ಮೊದಲೇ ಅವರು ತಮ್ಮ ಗುಂಪುಗಳನ್ನು ತಾವೇ ರಚಿಸಿಕೊಂಡು ಬಂದರು. ಯಾರು ಯಾರೊಂದಿಗೆ ದುಡಿಯಬೇಕು, ಯಾರು ಯಾವ ಮಗ್ಗದ ಕಡೆ ಓಡಬೇಕು ಎಂಬ ತೀರ್ಮಾನ ಗುಂಪಿನೊಳಗೇ ಆಗತೊಡಗಿತು. ಮೊದಮೊದಲು ಏರಿಳಿತಗಳಾದವು. ವ್ಯವಸ್ಥೆ ನೆಲೆಗೊಂಡ ಮೇಲೆ ಮಗ್ಗಗಳ ಕಾರ್ಯಕ್ಷಮತೆ ನೂರಕ್ಕೆ ಸುಮಾರು 80ರಿಂದ 95ಕ್ಕೆ ಏರಿತು. ದೋಷಯುಕ್ತ ಬಟ್ಟೆ ಸುಮಾರು 32ರಿಂದ 20ಕ್ಕೆ ಇಳಿಯಿತು. ಇದರೊಂದಿಗೆ ಕೂಲಿಯ ಲೆಕ್ಕವೂ ಬದಲಾಗಿ ಆದಾಯ ಹೆಚ್ಚಿತ್ತು. ಆದ್ದರಿಂದ ಸುಧಾರಣೆಯ ಕಾರಣ ಗುಂಪಲ್ಲ, ಕೂಲಿ ಎಂದು ವಾದಿಸಿದ ಭಾರತೀಯ ವಿದ್ವಾಂಸರೂ ಇದ್ದಾರೆ. ವಾದದಲ್ಲಿ ಹುರುಳಿದೆ. ಆದರೆ ಹಾಥಾರ್ನಿನ 14 ಮಂದಿಗೂ ಹೆಚ್ಚು ಕೂಲಿಯ ಆಸೆ ತೋರಿಸಲಾಗಿತ್ತು. ಅವರು ತಮ್ಮ ಮಿತಿಯನ್ನು ಬಿಟ್ಟುಕೊಟ್ಟಿರಲಿಲ್ಲ. ರೈಸ್ ಅವರ ಗ್ರಂಥ 1958ರಲ್ಲಿ ಪ್ರಕಟವಾದ ಮೇಲೆ ‘ಅಹಮದಾಬಾದ್ ಪ್ರಯೋಗ’ ಎಂಬ ಹೆಸರು ಆಡಳಿತಶಾಸ್ತ್ರದಲ್ಲಿ ಸ್ಥಿರವಾಯಿತು.

ಇಷ್ಟಕ್ಕೆ ಕಥೆ ಮುಗಿಸಿದರೆ ಅದು ಪ್ರಶಸ್ತಿಪತ್ರವಾಗುತ್ತದೆ, ಇತಿಹಾಸವಾಗುವುದಿಲ್ಲ. ರೈಸ್ ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ 1970ರಲ್ಲಿ ಮತ್ತೆ ಅಹಮದಾಬಾದಿಗೆ ಬಂದು ನೋಡಿದರು. ಒಂದು ಶೆಡ್ಡಿನಲ್ಲಿ ಗುಂಪು ಪದ್ಧತಿ ಹದಿನೇಳು ವರ್ಷಗಳ ನಂತರವೂ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಇತರ ಕಡೆಗಳಲ್ಲಿ ಅದು ಕರಗಿಹೋಗಿತ್ತು. ಹೊರಗಿನ ಒತ್ತಡ ಏರಿದಂತೆ ಮೇಲ್ವಿಚಾರಕರು ಗುಂಪಿನೊಳಗಿನ ತೀರ್ಮಾನಗಳಲ್ಲಿ ಕೈಯಿಡತೊಡಗಿ, ಕೆಲಸಗಾರರು ಮತ್ತೆ ಒಬ್ಬೊಬ್ಬರಾಗಿ ತಮ್ಮತಮ್ಮ ಮಗ್ಗಗಳಿಗೆ ಮರಳಿದ್ದರು. ಲಾಭವಿದ್ದಾಗ ಕೊಟ್ಟ ವಿಶ್ವಾಸವನ್ನು ಸಂಕಟದಲ್ಲಿ ಮೊದಲು ಹಿಂತೆಗೆದುಕೊಳ್ಳಲಾಯಿತು ಎನ್ನಬಹುದು. ಆ ಗಿರಣಿ 1990ರ ದಶಕದಲ್ಲಿ ಮುಚ್ಚಿತು. ಅದಕ್ಕೆ ಮೊದಲೂ ನಂತರವೂ ನಗರದ ಇತರ ಹಲವಾರು ಗಿರಣಿಗಳು ಮುಚ್ಚಿ, ಸಾವಿರಾರು ಸಂಸಾರಗಳು ಬೀದಿಗೆ ಬಂದವು. ಪಂಚಾಯಿತಿಯೂ ಗುಂಪು ಪದ್ಧತಿಯೂ ಇದನ್ನು ತಡೆಯಲಾಗಲಿಲ್ಲ.

ಈ ಕಥೆಯನ್ನು ಓದಿ, ಆಧುನಿಕ ಆಡಳಿತಶಾಸ್ತ್ರವೆಲ್ಲ ಪೂರ್ವಾಚಾರ್ಯರ ಗ್ರಂಥಗಳಲ್ಲಿ ಮೊದಲೇ ಇತ್ತು ಎಂದು ಹೇಳಿಕೊಳ್ಳುವ ಉತ್ಸಾಹ ಕೆಲವರಿಗೆ ಬರಬಹುದು. ಅದು ಸರಿಯಲ್ಲ. ಟೇಲರ್‌ನಿಂದ ರೈಸ್‌ವರೆಗೆ ಎಲ್ಲರೂ ಕೇಳಿದ ಪ್ರಶ್ನೆ, ಕೆಲಸಗಾರನಿಂದ ಹೆಚ್ಚು ಮತ್ತು ಉತ್ತಮವಾದ ಕೆಲಸ ಹೊರಡುವುದು ಹೇಗೆ ಎಂಬುದು. ಆಚಾರ್ಯರು ಕೇಳಿದ್ದು, ಹೊರಿಸಿದವನ ಆತ್ಮಕ್ಕೆ ಏನಾಗುತ್ತದೆ ಎಂಬುದು. ಎತ್ತಿನ ಕ್ಷಮತೆ ಹೆಚ್ಚುತ್ತದೆಂಬ ಕಾರಣಕ್ಕೆ ಅವರು ಅದನ್ನು ಸಕಾಲದಲ್ಲಿ ಬಿಡಿಸಿರೆಂದು ಹೇಳಲಿಲ್ಲ. ಗುಂಪು ಪದ್ಧತಿಯಿಂದ ಉತ್ಪಾದನೆ ಏರದೆ ಹೋಗಿದ್ದರೆ ರೈಸ್ ಅದನ್ನು ಕೈಬಿಡುತ್ತಿದ್ದರು. ಅತಿಭಾರಾರೋಪಣ ಮಾತ್ರ ಲಾಭ ತಂದರೂ ಅತಿಚಾರವೇ, ನಷ್ಟ ತಂದರೂ ಅತಿಚಾರವೇ. ಪ್ರಾಚೀನ ಗ್ರಂಥಗಳಿಗೂ ಅವುಗಳ ಕಾಲದ ಮಿತಿಯಿದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಪರಿಮಾಣ ಮಾಡಿಕೊಳ್ಳಬೇಕಾದ ಪರಿಗ್ರಹಗಳ ಪಟ್ಟಿಯಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳ ಜೊತೆಗೆ ದಾಸಿ ದಾಸರನ್ನೂ ಸೇರಿಸಲಾಗಿದೆ. ಆಳನ್ನು ಆಸ್ತಿಯೊಂದಿಗೆ ಎಣಿಸಿದ ಕಾಲವದು. ಆ ಕಾಲದಲ್ಲೇ ಅದೇ ಆಳಿನ ತೋಳಿಗೆ ಅಳತೆಗೋಲನ್ನು ಒಪ್ಪಿಸಿದ್ದು ಹೆಚ್ಚು ಆಶ್ಚರ್ಯಕರ.

ಗಿರಣಿಗಳಿಲ್ಲದ ಊರುಗಳಲ್ಲಿಯೂ ಈ ಅತಿಚಾರಕ್ಕೆ ಅವಕಾಶ ಕಡಿಮೆಯಿಲ್ಲ. ಬಸದಿಯ ಟ್ರಸ್ಟುಗಳು ಇಂದು ಹಲವರಿಗೆ ಮಾಲೀಕರು. ಪುರೋಹಿತರು, ಅಡುಗೆಯವರು, ಯಾತ್ರಿನಿವಾಸದ ಕಸ ಗುಡಿಸುವವರು, ರಾತ್ರಿಯ ಕಾವಲುಗಾರರು ಟ್ರಸ್ಟಿನ ಲೆಕ್ಕದಲ್ಲಿ ಸಂಬಳ ಪಡೆಯುತ್ತಾರೆ. ಪಂಚಕಲ್ಯಾಣದ ದಿನಗಳಲ್ಲಿ ಸೂರ್ಯಾಸ್ತಕ್ಕೆ ಮೊದಲು ಸಾವಿರ ಜನರ ಭೋಜನ ಮುಗಿಯಬೇಕೆಂಬ ನಿಯಮವನ್ನು ಯಾರೂ ಮೀರುವುದಿಲ್ಲ. ಆ ಭೋಜನ ಬೇಯಿಸಿದವರು ಬೆಳಗಿನ ಎಷ್ಟು ಗಂಟೆಗೆ ಒಲೆ ಹೊತ್ತಿಸಿದರು, ತಾವು ಎಷ್ಟು ಗಂಟೆಗೆ ಉಂಡರು ಎಂಬುದು ಕಾರ್ಯಕಾರಿ ಸಮಿತಿಯ ನಡವಳಿಯಲ್ಲಿ ದಾಖಲಾಗುವುದು ಅಪರೂಪ. ಅನ್ನಪಾನನಿರೋಧವೆಂಬ ಐದನೆಯ ಅತಿಚಾರ ನಾಲ್ಕನೆಯದರ ಪಕ್ಕದಲ್ಲೇ ಇರುವುದು ಆಕಸ್ಮಿಕವಾಗಿರಲಾರದು.

ಮೂಟೆ ಇಂದಿಗೂ ಕಣ್ಣಿಗೆ ಕಾಣುವಂತೆ ಹೆಗಲ ಮೇಲೆಯೇ ಉಳಿದಿರುವ ಸ್ಥಳಗಳು ತೀರ್ಥಕ್ಷೇತ್ರಗಳು. ಸಮ್ಮೇದಶಿಖರದ 27 ಕಿಲೋಮೀಟರುಗಳ ವಂದನೆಯನ್ನು ನಡೆದು ಮುಗಿಸಲಾರದ ವೃದ್ಧರು, ಗಿರನಾರದ ಮೆಟ್ಟಿಲುಗಳನ್ನು ಏರಲಾರದವರು ಡೋಲಿಯಲ್ಲಿ ಹೋಗುತ್ತಾರೆ. ಬೆಟ್ಟದ ಬುಡದಲ್ಲಿ ಯಾತ್ರಿಕರನ್ನು ತೂಗುವ ರೂಢಿಯುಂಟು. ತೂಕ ಹೆಚ್ಚಿದಂತೆ ದರ ಹೆಚ್ಚುತ್ತದೆ; ಹೊರುವವರು ಇಬ್ಬರಿದ್ದಲ್ಲಿ ನಾಲ್ವರಾಗುತ್ತಾರೆ. ತಕ್ಕಡಿಯ ಮುಂದೆ ಚೌಕಾಶಿ ನಡೆಯುತ್ತದೆ, ಒಂದೆರಡು ಕಿಲೋ ಬಿಡಿಸಿಕೊಳ್ಳುವ ಪ್ರಯತ್ನವೂ ನಡೆಯುತ್ತದೆ. ಆಮೇಲೆ ಡೋಲಿ ಮೇಲೇಳುತ್ತದೆ. ಏರುದಾರಿಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಮುಂದಿನವನು ಹಿಂದಿನವನಿಗೆ ಒಂದು ಮಾತು ಹೇಳುತ್ತಾನೆ, ಇಬ್ಬರೂ ನಿಲ್ಲುತ್ತಾರೆ, ಡೋಲಿಯನ್ನು ನೆಲಕ್ಕಿಳಿಸಿ ಹೆಗಲು ಬದಲಿಸುತ್ತಾರೆ. ಒಳಗೆ ಕುಳಿತವರು ಅಷ್ಟು ಹೊತ್ತು ಜಪಮಾಲೆಯನ್ನು ಎಣಿಸುತ್ತ ಕಾಯುತ್ತಾರೆ.